ನಿಂತರೆ ಕೆಡುವ ಕಾರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲಕ್ಕೆ ಸ್ಪೋರ್ಟ್ಸ್ ಕಾರು ಬಂದಿದ್ದರೆ ಅದನ್ನೂ ಈ ಗಾದೆಗೆ ಸೇರಿಸುತ್ತಿದ್ದರೋ ಏನೋ. ಮನೆ ಒಂದು ದಿನ ಕಟ್ಟಿ ಮುಗಿಯುತ್ತದೆ. ಮದುವೆಯ ಸಾಲ ಹತ್ತು ವರ್ಷಕ್ಕಾದರೂ ತೀರುತ್ತದೆ. ಆದರೆ ಐವತ್ತು, ಅರವತ್ತು ವರ್ಷಗಳ ಹಿಂದೆ ಹಡಗಿನಲ್ಲಿ ಬಂದಿಳಿದ ಎರಡು ಸೀಟಿನ, ಮಾಡಿಲ್ಲದ ಕಾರೊಂದನ್ನು ಮನೆಯಲ್ಲಿಟ್ಟುಕೊಂಡವರ ಕೆಲಸ ಮುಗಿಯುವುದೇ ಇಲ್ಲ. ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಸದ್ದು ಬರುತ್ತದೆ. ಹಾಗಿದ್ದೂ ಅದನ್ನು ಮಾರಲು ಮನಸ್ಸು ಬಾರದವರು ಜಗತ್ತಿನಲ್ಲಿ ಲಕ್ಷಗಟ್ಟಲೆ ಇದ್ದಾರೆ.

ಇಂಥ ಕಾರುಗಳಲ್ಲಿ ಶ್ರೀಮಂತರ ಕೈಗೆ ಮಾತ್ರ ಎಟಕುವಂಥವು ಹಲವು. ಆದರೆ ಸಾಮಾನ್ಯ ಸಂಬಳದವರೂ ಕೊಂಡು, ಸ್ವಂತ ಕೈಯಿಂದ ರಿಪೇರಿ ಮಾಡಿಕೊಂಡು, ದಶಕಗಳ ಕಾಲ ಉಳಿಸಿಕೊಂಡ ಕಾರು ಎಂದರೆ ಇಂಗ್ಲೆಂಡಿನ ಎಂ.ಜಿ. ಈ ಎರಡಕ್ಷರ ಕೇಳಿದೊಡನೆ ಬೆಂಗಳೂರಿನವರಿಗೆ ರಸ್ತೆ ನೆನಪಾಗಬಹುದು. ಈಗಿನ ಹುಡುಗರಿಗೆ 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿರುವ ಕಾರುಗಳು ನೆನಪಾಗಬಹುದು. ಹೆಸರು ಈಗ ಚೀನಾದ ಕಂಪೆನಿಯ ಸ್ವತ್ತು. ಹುಟ್ಟಿದ್ದು ಮಾತ್ರ ಆಕ್ಸ್‌ಫರ್ಡ್ ನಗರದ ಒಂದು ಗ್ಯಾರೇಜಿನಲ್ಲಿ.

ಆಬಿಂಗ್ಡನ್‌ನಿಂದ ಅಮೆರಿಕಕ್ಕೆ

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ವಿಲಿಯಂ ಮಾರಿಸ್ ಅವರ ಈ ಗ್ಯಾರೇಜಿನ ಮೇಲ್ವಿಚಾರಣೆ 1922ರಲ್ಲಿ ಸೆಸಿಲ್ ಕಿಂಬರ್ ಎಂಬುವರ ಕೈಗೆ ಬಂತು. ಮನೆಮಂದಿ ಓಡಾಡುವ ಸಾಧಾರಣ ಮಾರಿಸ್ ಕಾರಿನ ಯಂತ್ರಭಾಗಗಳಿಗೆ ಹಗುರವಾದ, ನೋಡಲು ಚೆಂದವಾದ ಮೈ ತೊಡಿಸಿ ಮಾರಿದರೆ ಹೇಗೆ ಎಂಬುದು ಕಿಂಬರ್ ಅವರ ಯೋಚನೆ. ಈ ಯೋಚನೆಯೇ ಮುಂದೆ ಎಂ.ಜಿ. ಕಾರುಗಳ ಆಯುಷ್ಯವನ್ನು ಹೆಚ್ಚಿಸಿತು ಎನ್ನಬೇಕು. ಒಳಗಿರುವುದು ಸಾಧಾರಣ ಕಾರಿನ ಭಾಗಗಳಾದ್ದರಿಂದ ಅವು ಬೇಗ ಸಿಗುತ್ತವೆ, ರಿಪೇರಿಗೆ ವಿಶೇಷ ಪಾಂಡಿತ್ಯ ಬೇಡ. 1929ರಲ್ಲಿ ಕಾರ್ಖಾನೆ ಸಮೀಪದ ಆಬಿಂಗ್ಡನ್ ಎಂಬ ಪುಟ್ಟ ಪಟ್ಟಣಕ್ಕೆ ಹೋಯಿತು.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. ರಫ್ತು ಮಾಡಿ ಡಾಲರ್ ತನ್ನಿ ಎಂದಿತು ಸರ್ಕಾರ. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರುಗಳು ಹತ್ತು ಸಾವಿರ. ಅವುಗಳಲ್ಲಿ ಎರಡು ಸಾವಿರದಷ್ಟು ಅಮೆರಿಕಕ್ಕೆ ಹೋದವು. ಸ್ಟಿಯರಿಂಗ್ ಬಲಗಡೆ ಇದ್ದರೂ ಅಮೆರಿಕನ್ನರು ಅವನ್ನು ಮುಗಿಬಿದ್ದು ಕೊಂಡರು. ನಂತರ ಟಿ.ಡಿ., 1955ರಲ್ಲಿ ಎಂ.ಜಿ.ಎ., 1962ರಲ್ಲಿ ಎಂ.ಜಿ.ಬಿ. ಬಂದವು. ಎಂ.ಜಿ.ಬಿ. ಹದಿನೆಂಟು ವರ್ಷ ತಯಾರಾಗಿ ಐದು ಲಕ್ಷ ದಾಟಿತು. ಅರ್ಧಕ್ಕಿಂತ ಹೆಚ್ಚು ಕಡಲು ದಾಟಿ ಅಮೆರಿಕ ಸೇರಿದವು. 1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ ಕಾರ್ಖಾನೆಯ ಬಾಗಿಲು ಮುಚ್ಚಿತು. ತಾಯಿ ಹೋದಳು, ಮಕ್ಕಳು ಪರದೇಶದಲ್ಲಿ ಉಳಿದರು. ಅವರನ್ನು ಸಾಕಿದ್ದು ಕೊಂಡವರು.

ಶ್ರುತಿ ಸೇರಿಸುವ ಕಲೆ

ಸಾಕುವುದೆಂದರೆ ಏನು? ಎಂ.ಜಿ.ಬಿ.ಯ ಎಂಜಿನ್ 1798 ಸಿ.ಸಿ., ಶಕ್ತಿ ತೊಂಬತ್ತೈದು ಅಶ್ವಶಕ್ತಿಯ ಆಸುಪಾಸು. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ರೋಗವೇನೆಂದು ಹೇಳುವುದು ಸದ್ದು, ವಾಸನೆ ಮತ್ತು ಬಣ್ಣ.

ಕೀಲಿ ತಿರುಗಿಸಿದೊಡನೆ ಹಿಂಬದಿಯಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತದೆ. ಅದು ಎಸ್.ಯು. ಕಂಪೆನಿಯ ವಿದ್ಯುತ್ ಪೆಟ್ರೋಲ್ ಪಂಪು. ಕಾರ್ಬ್ಯುರೇಟರ್ ತುಂಬಿದ ಮೇಲೆ ಸದ್ದು ನಿಲ್ಲಬೇಕು. ನಿಲ್ಲದೇ ಹೋದರೆ ಎಲ್ಲೋ ಪೆಟ್ರೋಲ್ ಸೋರುತ್ತಿದೆ, ಇಲ್ಲವೇ ಟ್ಯಾಂಕು ಖಾಲಿ. ಸದ್ದೇ ಬರಲಿಲ್ಲವೆಂದರೆ ಪಂಪಿನೊಳಗಿನ ಪಾಯಿಂಟು ಅಂಟಿಕೊಂಡಿದೆ. ಆಗ ಮಾಲೀಕರು ಕೆಳಗಿಳಿದು, ಹಿಂದಿನ ಚಕ್ರದ ಬಳಿ ಬಗ್ಗಿ, ಮರದ ತುಂಡಿನಿಂದ ಪಂಪಿಗೆ ಮೆಲ್ಲಗೆ ಎರಡೇಟು ಕೊಡುತ್ತಾರೆ. ನೋಡಿದವರಿಗೆ ನಗು ಬರಬಹುದು. ಕಾರು ಮಾತ್ರ ಹೊರಡುತ್ತದೆ.

ಎಂಜಿನ್ನಿಗೆ ಉಸಿರು ಕೊಡುವುದು ಜೋಡಿ ಎಸ್.ಯು. ಕಾರ್ಬ್ಯುರೇಟರುಗಳು. ಎರಡೂ ಸಮನಾಗಿ ಗಾಳಿ ಎಳೆಯಬೇಕು; ಒಂದು ಹೆಚ್ಚು, ಒಂದು ಕಡಿಮೆಯಾದರೆ ಎಂಜಿನ್ ಕುಂಟುತ್ತದೆ. ಇದನ್ನು ಸರಿಪಡಿಸಲು ಹಳಬರಿಗೆ ಬೇಕಾದ ಉಪಕರಣ ಒಂದು ಮೊಳದ ರಬ್ಬರ್ ಕೊಳವೆ, ಅಷ್ಟೆ. ಅದರ ಒಂದು ತುದಿ ಕಾರ್ಬ್ಯುರೇಟರ್ ಬಾಯಿಯ ಬಳಿ, ಇನ್ನೊಂದು ತುದಿ ಕಿವಿಗೆ. ಎರಡೂ ಕಡೆಯ ಉಸಿರಿನ ಸದ್ದು ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುತ್ತಾ ಹೋಗಬೇಕು. ತಂಬೂರಿಗೆ ಶ್ರುತಿ ಸೇರಿಸಿದಂತೆ. ಆಮೇಲೆ ಒಂದು ಸುತ್ತು ಓಡಿಸಿ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಬಿಸ್ಕತ್ತಿನ ಬಣ್ಣವಿದ್ದರೆ ಸರಿ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಬೆಳ್ಳಗಾಗಿದ್ದರೆ ಕಡಿಮೆಯಾಗಿದೆ ಎಂದರ್ಥ.

ಮುಂದಿನ ಚಕ್ರಗಳ ಕಿಂಗ್‌ಪಿನ್‌ಗಳಿಗೆ ಮೂರು ಸಾವಿರ ಮೈಲಿಗೊಮ್ಮೆ ಗ್ರೀಸು ಹೊಡೆಯಬೇಕು. ಮರೆತರೆ ಅವು ಸವೆದು ಸ್ಟಿಯರಿಂಗ್ ಬಿಗಿಯಾಗುತ್ತದೆ. ತಂತಿಕಡ್ಡಿಯ ಚಕ್ರಗಳಿದ್ದರೆ ಅವುಗಳ ಒಳಗಿನ ಹಲ್ಲುಗಳಿಗೂ ಗ್ರೀಸು ಬೇಕು. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ ನೋಡಿದರೆ ಬಿಗಿಯಾದದ್ದು ಟಿಣ್ ಎನ್ನುತ್ತದೆ. ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಬ್ರಿಟಿಷ್ ಕಾರಿನ ವಿದ್ಯುತ್ ವ್ಯವಸ್ಥೆಯ ಬಗ್ಗೆ ನಗೆಹನಿಗಳು ಬಹಳ. ದೀಪಗಳನ್ನು ತಯಾರಿಸಿದ ಲೂಕಾಸ್ ಕಂಪೆನಿಗೆ ಅಮೆರಿಕನ್ನರು ‘ಕತ್ತಲೆಯ ರಾಜಕುಮಾರ’ ಎಂದೇ ಹೆಸರಿಟ್ಟರು. ಆದರೆ ಅರ್ಧಶತಮಾನದ ನಂತರ ದೀಪ ಮಿಣುಕುವುದಕ್ಕೆ ಬಹುತೇಕ ಕಾರಣ ತಂತಿಯ ಕೊನೆಯಲ್ಲಿ ಹಿಡಿದ ತುಕ್ಕು. ಅರ್ಥ್ ಜಾಗವನ್ನು ಉಜ್ಜುಕಾಗದದಿಂದ ಉಜ್ಜಿ ಬಿಗಿಮಾಡಿದರೆ ಮುಕ್ಕಾಲು ಪಾಲು ದೂರು ಮಾಯ. ಒಂದು ಎಚ್ಚರಿಕೆ ಮಾತ್ರ ಬೇಕು: 1967ರವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಜೋಡಣೆಯಾಗಿರುತ್ತದೆ. ಇದನ್ನರಿಯದೆ ಹೊಸ ರೇಡಿಯೊ ಕೂರಿಸಿದರೆ ಅದು ಸುಟ್ಟುಹೋಗುತ್ತದೆ.

ಹೊಸ್ತಿಲಿಗೆ ತಗಲುವ ತುಕ್ಕು

ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಈ ಕಾರುಗಳ ಪ್ರಾಣ ತೆಗೆಯುವುದು ತುಕ್ಕು. ಎಂ.ಜಿ.ಬಿ.ಗೆ ಬೇರೆ ಚಾಸಿಸ್ ಇಲ್ಲ. ಉಕ್ಕಿನ ತಗಡುಗಳನ್ನು ಬೆಸೆದ ಮೈಯೇ ಅಸ್ಥಿಪಂಜರ. ಮೇಲೆ ಮಾಡೂ ಇಲ್ಲದ್ದರಿಂದ ಭಾರವೆಲ್ಲ ಬಾಗಿಲುಗಳ ಕೆಳಗಿನ ಟೊಳ್ಳು ಹೊಸ್ತಿಲುಗಳ ಮೇಲೆ. ಮಳೆನೀರು, ಕೆಸರು ಸೇರಿಕೊಳ್ಳುವುದೂ ಅಲ್ಲೇ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುವಾಗ ಒಳಗೆ ಗೆದ್ದಲು ತಿಂದ ತೊಲೆಯಂತೆ ಆಗಿರುತ್ತದೆ.

ಹೊಸ್ತಿಲು ಬದಲಾಯಿಸುವಾಗ ಅವಸರ ಕೂಡದು. ಹಳೆಯದನ್ನು ಕತ್ತರಿಸುವ ಮುನ್ನ ಕಾರಿನ ಮೈಗೆ ಸರಿಯಾಗಿ ಆಸರೆ ಕೊಡಬೇಕು, ಬಾಗಿಲುಗಳನ್ನು ಕೂರಿಸಿ ಸಂದುಗಳನ್ನು ಅಳೆಯುತ್ತಲೇ ಬೆಸೆಯಬೇಕು. ಇಲ್ಲವಾದರೆ ನಡು ಕುಸಿದು ಕಾರು ಬಾಳೆಹಣ್ಣಿನಂತೆ ಬಾಗುತ್ತದೆ. ಬಾಗಿಲು ಆಮೇಲೆ ಎಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಕೊಳ್ಳಲು ಹೋದವರು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಳ್ಳುವುದು ಇದಕ್ಕೇ. ತಗಡಿದ್ದಲ್ಲಿ ಅದು ಅಂಟುತ್ತದೆ, ಪುಟ್ಟಿ ಮೆತ್ತಿದ್ದಲ್ಲಿ ಜಾರಿ ಬೀಳುತ್ತದೆ.

ಇಂಗ್ಲೆಂಡಿನ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಹಾಗಾಗಿ ತವರಿನಲ್ಲಿ ಉಳಿದ ಕಾರುಗಳಿಗಿಂತ ಕ್ಯಾಲಿಫೋರ್ನಿಯದ ಒಣ ಹವೆಯಲ್ಲಿ ಬೆಳೆದವು ಗಟ್ಟಿಯಾಗಿ ಉಳಿದವು. ಅವನ್ನು ಮತ್ತೆ ಹಡಗಿಗೆ ಹಾಕಿ ಇಂಗ್ಲೆಂಡಿಗೆ ತರಿಸಿಕೊಂಡವರು ಎಷ್ಟೋ ಮಂದಿ. ಒಮ್ಮೆ ರಫ್ತಾದ ಕಾರು ತವರಿಗೇ ಆಮದಾಯಿತು!

ತುಕ್ಕಿಗೆ ಪರಿಹಾರವೂ ಒಂದು ಸಿಕ್ಕಿತು. ಮಾದರಿ ನಿಂತು ಎಂಟು ವರ್ಷಗಳ ನಂತರ, 1988ರಲ್ಲಿ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು ಎಂ.ಜಿ.ಬಿ.ಯ ಇಡೀ ಮೈಯನ್ನು ಹೊಸದಾಗಿ ತಯಾರಿಸತೊಡಗಿತು. ಅದೇ ಮೈಯನ್ನು ಆಧರಿಸಿ ತೊಂಬತ್ತರ ದಶಕದಲ್ಲಿ ಎಂ.ಜಿ. ಆರ್.ವಿ.8 ಎಂಬ ಕಾರನ್ನೂ ಕಟ್ಟಿದರು. ಸುಮಾರು ಎರಡು ಸಾವಿರ ಕಾರುಗಳಲ್ಲಿ ಬಹುಪಾಲು ಜಪಾನಿಗೆ ಹೋದವು. ಅಚ್ಚು ಉಳಿದರೆ ಕಾರು ಉಳಿಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ನಮ್ಮ ಅಂಬಾಸಿಡರ್‌ನ ನೆಂಟ

ಅಪ್ಪಟ ಇಂಗ್ಲಿಷ್ ಕಾರಾದರೂ ಎಂ.ಜಿ.ಗೆ ನಮ್ಮಲ್ಲೊಬ್ಬ ಹತ್ತಿರದ ನೆಂಟನಿದ್ದಾನೆ. ನಮ್ಮ ಅಂಬಾಸಿಡರ್! ಮಾರಿಸ್ ಆಕ್ಸ್‌ಫರ್ಡ್ ಕಾರಿನ ಆಧಾರದ ಮೇಲೆ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸಿದ ಅಂಬಾಸಿಡರ್‌ನೊಳಗೆ ದಶಕಗಳ ಕಾಲ ಇದ್ದದ್ದು 1489 ಸಿ.ಸಿ.ಯ ಬಿ ಸರಣಿಯ ಪೆಟ್ರೋಲ್ ಎಂಜಿನ್. 1955ರ ಎಂ.ಜಿ.ಎ. ಕಾರಿನಲ್ಲಿದ್ದದ್ದೂ ಅದೇ ಅಳತೆಯ, ಅದೇ ಸರಣಿಯ ಎಂಜಿನ್. ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ ಅದರ ತಮ್ಮ. ಎಂ.ಜಿ.ಗೆ ಜೋಡಿ ಕಾರ್ಬ್ಯುರೇಟರು, ಹೆಚ್ಚಿನ ಓಟದ ಉಮೇದು. ಅಂಬಾಸಿಡರ್‌ಗೆ ಗಂಭೀರ ನಡಿಗೆ. ಮನೆತನ ಒಂದೇ. ಫೀಲರ್ ಗೇಜ್ ತೂರಿಸಿ 15 ಥೌ, ಅಂದರೆ ಅಂಗುಲದ ಸಾವಿರದಲ್ಲಿ ಹದಿನೈದು ಭಾಗ, ಎಂದು ಟ್ಯಾಪೆಟ್ ಸಂದು ಕೂರಿಸುವ ಹಳೆಯ ಅಂಬಾಸಿಡರ್ ಮೆಕ್ಯಾನಿಕ್‌ಗೆ ಎಂ.ಜಿ.ಯ ಬಾನೆಟ್ ಎತ್ತಿದರೆ ಒಳಗಿರುವುದು ಅಪರಿಚಿತ ಎನಿಸುವುದಿಲ್ಲ.

ಎಂ.ಜಿ.ಯ ಟಿ ಸರಣಿಯ ಕೆಲವು ಕಾರುಗಳು ನಮ್ಮ ದೇಶಕ್ಕೂ ಬಂದವು. ಆಮದಿಗೆ ನಿರ್ಬಂಧವಿದ್ದ ಕಾಲದಲ್ಲಿ ವಿದೇಶಿ ಕಾರಿಗೆ ಬಿಡಿಭಾಗ ತರಿಸುವುದು ಕನಸಿನ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಾಲುಗಳಲ್ಲಿ ಹೊಂದುವಂಥದ್ದನ್ನು ಹುಡುಕಬೇಕು. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಕಡೆಸಬೇಕು. ಹಳೆಯ ಟಿ ಸರಣಿಯ ಎಂಜಿನ್ನಿನಲ್ಲಿ ಬೋಲ್ಟುಗಳದೇ ಒಂದು ವಿಚಿತ್ರ: ಮರೆಗಳು ಮೆಟ್ರಿಕ್, ತಲೆಗಳು ಇಂಗ್ಲೆಂಡಿನ ವಿಟ್‌ವರ್ತ್ ಅಳತೆ. ಫ್ರಾನ್ಸ್ ಮೂಲದ ಕಾರ್ಖಾನೆಯೊಂದನ್ನು ಮಾರಿಸ್ ಕೊಂಡಾಗ ಯಂತ್ರಗಳ ಜೊತೆ ಆ ಅಳತೆಯೂ ಬಂತು. ಸಿಕ್ಕಿದ ಬೋಲ್ಟು ಸಿಕ್ಕಿದಲ್ಲಿ ಹಾಕಿದರೆ ಮರೆ ಹಾಳು.

ಬೇರೆ ದಾರಿ ಕಾಣದೆ ಹಳೆಯ ವಿದೇಶಿ ಕಾರಿಗೆ ಅಂಬಾಸಿಡರ್ ಎಂಜಿನ್ ಕೂರಿಸಿ ಓಡಿಸಿದವರು ನಮ್ಮಲ್ಲಿ ಕಡಿಮೆಯಿಲ್ಲ. ಕಾರು ಗುಜರಿ ಸೇರುವುದನ್ನು ತಪ್ಪಿಸಿದ್ದು ಆ ಜಾಣತನವೇ. ಈಗ ಅದೇ ಒಂದು ತೊಡಕು. ಐವತ್ತು ವರ್ಷ ಮೀರಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಸಂಖ್ಯಾಫಲಕದಲ್ಲಿ ‘ವಿ.ಎ.’ ಎಂಬ ಅಕ್ಷರಗಳು. ಆದರೆ ಚಾಸಿಸ್, ಮೈ, ಎಂಜಿನ್ನುಗಳಲ್ಲಿ ಭಾರೀ ಮಾರ್ಪಾಡು ಆಗಿರಕೂಡದು. ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ.

ಪೆಟ್ರೋಲೂ ಬದಲಾಯಿತು

ಕಾರು ಹಾಗೇ ಇದ್ದರೂ ಅದರ ಆಹಾರ ಹಾಗೇ ಉಳಿಯಲಿಲ್ಲ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ಎಂಜಿನ್ ಕವಾಟಗಳು ಕೂರುವ ಜಾಗಕ್ಕೆ ರಕ್ಷಾಕವಚದಂತಿತ್ತು. ಸೀಸ ಆರೋಗ್ಯಕ್ಕೆ ವಿಷವಾದ್ದರಿಂದ ಭಾರತದಲ್ಲಿ 2000ರಲ್ಲಿ ಸೀಸರಹಿತ ಪೆಟ್ರೋಲ್ ಎಲ್ಲೆಡೆ ಜಾರಿಗೆ ಬಂತು. ಅದು ಸರಿಯಾದ ಕ್ರಮವೇ. ಹಳೆಯ ಎರಕದ ಕಬ್ಬಿಣದ ಹೆಡ್‌ಗೆ ಮಾತ್ರ ಗಟ್ಟಿ ಉಕ್ಕಿನ ಬಳೆಗಳನ್ನು ಕೂರಿಸಬೇಕಾಯಿತು.

ಈಗಿನ ಸವಾಲು ಎಥೆನಾಲ್. ನಮ್ಮಲ್ಲಿ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ. 20ಕ್ಕೆ ಮುಟ್ಟಿತು. ಬ್ರಿಟನ್ನಿನಲ್ಲಿ 2021ರಲ್ಲಿ ಶೇ. 10 ಸಾಮಾನ್ಯವಾದಾಗ, ಹಳೆಯ ಕಾರುಗಳಿಗೆ ಶೇ. 5ರ ಪೆಟ್ರೋಲನ್ನೇ ಬಳಸಿ ಎಂದು ಅಲ್ಲಿನ ಸರ್ಕಾರ ಸೂಚಿಸಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನು, ವಾಷರುಗಳನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಆದ್ದರಿಂದ ಕೊಳವೆಗಳನ್ನೆಲ್ಲ ಎಥೆನಾಲ್ ತಡೆಯುವ ಹೊಸ ಮಾದರಿಗೆ ಬದಲಾಯಿಸಿಕೊಳ್ಳುವುದು, ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ತಿಂಗಳುಗಟ್ಟಲೆ ಬಿಡದಿರುವುದು ಈಗ ಅನಿವಾರ್ಯ.

ಕೈಗಳು ಉಳಿಯಬೇಕು

ಇಷ್ಟೆಲ್ಲ ಹೇಳಿದ ಮೇಲೆ, ಕಾರನ್ನು ಹೊದಿಕೆ ಮುಚ್ಚಿ ಜೋಪಾನವಾಗಿ ನಿಲ್ಲಿಸಿಬಿಡುವುದೇ ಮೇಲು ಎನಿಸಬಹುದು. ಅನುಭವಸ್ಥರ ಮಾತು ತದ್ವಿರುದ್ಧ. ನಿಂತ ಕಾರಿನಲ್ಲಿ ಬ್ರೇಕಿನ ಎಣ್ಣೆ ತೇವ ಹೀರಿ ಸಿಲಿಂಡರುಗಳು ಕಚ್ಚಿಕೊಳ್ಳುತ್ತವೆ, ಕ್ಲಚ್ ಪ್ಲೇಟು ಅಂಟಿಕೊಳ್ಳುತ್ತದೆ, ಪೆಟ್ರೋಲ್ ಜಿಗುಟಾಗಿ ಜೆಟ್ಟುಗಳನ್ನು ಕಟ್ಟುತ್ತದೆ, ಇಲಿಗಳು ತಂತಿ ಕಡಿಯುತ್ತವೆ. ಟಯರು ಸವೆಯದಿದ್ದರೂ ಮುಪ್ಪಾಗುತ್ತದೆ. ಸುಮ್ಮನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಇನ್ನೂ ಕೆಟ್ಟದ್ದು. ಹೊಗೆಕೊಳವೆಯಲ್ಲಿ ನೀರು ಕಟ್ಟಿ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಚೆನ್ನಾಗಿ ಕಾಯುವವರೆಗೆ ಇಪ್ಪತ್ತು, ಮೂವತ್ತು ಕಿಲೋಮೀಟರ್ ಓಡಿಸಿ ತರುವುದಕ್ಕಿಂತ ಒಳ್ಳೆಯ ಔಷಧ ಇಲ್ಲ.

ಕಾರಿನಂತೆಯೇ ಅದರ ವಿದ್ಯೆಯೂ. ಇಂಗ್ಲೆಂಡಿನಲ್ಲಿ ಎಂ.ಜಿ. ಕಾರ್ ಕ್ಲಬ್ 1930ರಿಂದ ಇದೆ, ಎಂ.ಜಿ. ಓನರ್ಸ್ ಕ್ಲಬ್ 1973ರಿಂದ. ಬಿಡಿಭಾಗದ ಪಟ್ಟಿ, ರಿಪೇರಿ ಕೈಪಿಡಿ, ಹಳಬರು ಹೊಸಬರಿಗೆ ಹೇಳಿಕೊಡುವ ಪರಿಪಾಠ ಎಲ್ಲ ಅಲ್ಲಿ ಬೆಳೆದು ಬಂದಿವೆ. ನಮ್ಮಲ್ಲಿಯೂ ವಿಂಟೇಜ್ ಕಾರು ರ‍್ಯಾಲಿಗಳು ನಡೆಯುತ್ತವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳನ್ನು ನೋಡಲು ಜನ ಮುಗಿಬೀಳುತ್ತಾರೆ. ನೋಡುವವರಿಗೆ ಬರವಿಲ್ಲ. ಬರ ಬಂದಿರುವುದು ಕಾರ್ಬ್ಯುರೇಟರಿನ ಉಸಿರು ಕೇಳಬಲ್ಲ ಕಿವಿಗಳಿಗೆ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಅದನ್ನೇ ಬಿಚ್ಚಿ ಕಟ್ಟಿ ಕಲಿತ ತಲೆಮಾರಿಗೆ ವಯಸ್ಸಾಗಿದೆ. ಇಂದಿನ ಹುಡುಗ ಕಾರಿಗೆ ಸ್ಕ್ಯಾನರ್ ಸಿಕ್ಕಿಸಿ ರೋಗ ಹುಡುಕುತ್ತಾನೆ, ಎಂ.ಜಿ.ಯಲ್ಲಿ ಸ್ಕ್ಯಾನರ್ ಸಿಕ್ಕಿಸಲು ಜಾಗವೇ ಇಲ್ಲ.

ಬಿಡಿಭಾಗ ಹಣಕ್ಕೆ ಸಿಗುತ್ತದೆ. ಮೈಯನ್ನೇ ಹೊಸದಾಗಿ ತರಿಸಬಹುದು. ಕೈಗೆ ಹತ್ತಿದ ವಿದ್ಯೆಯನ್ನು ತರಿಸುವ ಅಂಗಡಿ ಎಲ್ಲಿಯೂ ಇಲ್ಲ. ಹಳೆಯ ಕಾರು ಇಟ್ಟುಕೊಂಡವರು ವರ್ಷಕ್ಕೊಮ್ಮೆಯಾದರೂ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಪಕ್ಕದಲ್ಲೊಬ್ಬ ಹುಡುಗನನ್ನು ನಿಲ್ಲಿಸಿ, ಸ್ಪ್ಯಾನರನ್ನು ಅವನ ಕೈಗೆ ಕೊಡಿಸಿದರೆ ಕಾರಿನ ಆಯುಷ್ಯ ಇನ್ನೊಂದು ತಲೆಮಾರಿನಷ್ಟು ಹೆಚ್ಚುತ್ತದೆ. ಓಡುವುದನ್ನು ನಿಲ್ಲಿಸಿದ ಕಾರೂ, ಕಲಿಸುವುದನ್ನು ನಿಲ್ಲಿಸಿದ ವಿದ್ಯೆಯೂ ಕೆಡುವ ಬಗೆ ಒಂದೇ.