ವಿಜಯ ಪಾರ್ಶ್ವನ ಸುಖ

ಹಳೇಬೀಡಿನ ಬಸ್ತಿಹಳ್ಳಿಯಲ್ಲಿರುವ ಪಾರ್ಶ್ವನಾಥ ಬಸದಿ ಹುಟ್ಟಿದ್ದು ಒಂದು ಸಾವಿನಿಂದ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡಾಗ, ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ರಾಜನ ಕೈಸೇರುವ ಹೊತ್ತಿಗೆ ಆತ ಯುದ್ಧ ಗೆದ್ದಿದ್ದ, ಅರಮನೆಯಲ್ಲಿ ಗಂಡುಮಗುವೂ ಹುಟ್ಟಿತ್ತು. ಆ ಹಿಗ್ಗಿನಲ್ಲಿ ದೇವರಿಗೆ ವಿಜಯ ಪಾರ್ಶ್ವ, ಮಗನಿಗೆ ವಿಜಯ ನರಸಿಂಹ ಎಂದು ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಬೊಪ್ಪನ ದುಃಖ ಕಟ್ಟಿದ ಗುಡಿಗೆ ರಾಜನ ಸಂತೋಷ ಹೆಸರು ಕೊಟ್ಟಿತು. ಒಳಗೆ ನಿಂತ ತೀರ್ಥಂಕರ ಪಾರ್ಶ್ವನಿಗೆ ಎರಡೂ ಅಂಟಿಲ್ಲ.

ನಾನು ಅರಸೀಕೆರೆ ಕಡೆಯ ತೆಂಗಿನ ತೋಟದವನು. ನಮ್ಮಲ್ಲಿ ಸಂತೋಷ ಕೊಬ್ಬರಿ ರೇಟಿನ ಜೊತೆಗೇ ಏರಿಳಿಯುತ್ತದೆ. ರೇಟು ಬಂದ ವರ್ಷ ಮನೆಗೆ ಸುಣ್ಣಬಣ್ಣ, ಮಗಳ ಮದುವೆ. ಬಿದ್ದ ವರ್ಷ ಅಟ್ಟದ ತುಂಬ ಕೊಬ್ಬರಿ, ಮನೆಯವರ ಮುಖ ಸಪ್ಪೆ. ಜೈನರು ಈ ಎರಡನ್ನೂ ವೇದನೀಯವೆಂಬ ಒಂದೇ ಕರ್ಮದ ಲೆಕ್ಕಕ್ಕೆ ಬರೆಯುತ್ತಾರೆ. ಹಿತವಾದದ್ದು ಸಾತ, ಅಹಿತವಾದದ್ದು ಅಸಾತ. ಎರಡೂ ಬಂದು ಹೋಗುವಂಥವೇ. ಹೊರಗಿನಿಂದ ಏನೂ ಬರಬೇಕಿಲ್ಲದ, ಜೀವದ ಸ್ವಂತ ಸುಖ ಬೇರೆ ಇದೆ. ಅದನ್ನು ಅನಂತಸುಖ ಎನ್ನುತ್ತಾರೆ.

ಮಾತಿಗೆ ಇದು ಸುಲಭ. ಆದರೆ ಬಸದಿಯ ಆ ಕರಿಕಲ್ಲಿನ ಮೂರ್ತಿಯನ್ನು ತಲೆಯೆತ್ತಿ ನೋಡಿ. ನೆತ್ತಿಯ ಮೇಲೆ ಹಾವಿನ ಹೆಡೆ. ತಪಸ್ಸಿಗೆ ನಿಂತ ಪಾರ್ಶ್ವನ ಮೇಲೆ ಹಿಂದಿನ ಜನ್ಮಗಳ ವೈರಿ ಕಮಠ ಹಳೆಯ ಹಗೆಯಿಂದ ಮಳೆ ಸುರಿಸಿದ. ನಾಗರಾಜ ಧರಣೇಂದ್ರ ಹೆಡೆ ಬಿಚ್ಚಿ ಕಾಯ್ದ. ಪಾರ್ಶ್ವ ಒಬ್ಬನನ್ನು ದ್ವೇಷಿಸಲಿಲ್ಲ, ಇನ್ನೊಬ್ಬನಿಗೆ ಒಲಿಯಲೂ ಇಲ್ಲ. ಮೊದಲನೆಯದನ್ನು ನಾವೂ ಕಷ್ಟಪಟ್ಟು ಕಲಿತೇವು. ಕಾಯ್ದವನಿಗೂ ಒಲಿಯದಿರುವುದು ನನ್ನನ್ನು ಇವತ್ತಿಗೂ ತಡೆದು ನಿಲ್ಲಿಸುತ್ತದೆ.

ಬೇಲೂರಿನ ಗುಡಿಯ ದಾರಿ ಬೇರೆ. ಅಲ್ಲಿ ಕನ್ನಡಿ ನೋಡಿಕೊಳ್ಳುವ ಮದನಿಕೆಗೂ ದೇವರ ಮನೆಯ ಸೂರಿನಡಿ ಜಾಗ ಸಿಕ್ಕಿದೆ, ಕಾಮವೂ ಪುರುಷಾರ್ಥವೇ. ತೈತ್ತಿರೀಯ ಉಪನಿಷತ್ತಂತೂ ಆನಂದವನ್ನು ಎಣಿಸಿಯೇ ಬಿಡುತ್ತದೆ: ಗಟ್ಟಿಮುಟ್ಟಾದ, ಓದಿದ, ಇಡೀ ಭೂಮಿಯ ಸಂಪತ್ತಿರುವ ತರುಣನ ಆನಂದ ಒಂದು ಅಳತೆ, ಅಲ್ಲಿಂದ ಬ್ರಹ್ಮಾನಂದದವರೆಗೆ ಮೆಟ್ಟಿಲು ಮೆಟ್ಟಿಲಿಗೂ ನೂರು ಪಟ್ಟು. ಆದರೆ ಆಸೆಯ ಹೊಡೆತಕ್ಕೆ ಸಿಗದ ಶ್ರೋತ್ರಿಯನಿಗೆ ಆ ಆನಂದವೆಲ್ಲ ಇದ್ದಲ್ಲೇ ದೊರೆಯುತ್ತದಂತೆ. ಕೊನೆಗೆ ಅದೂ ಬಸದಿಯ ಹತ್ತಿರವೇ ಬಂದು ನಿಂತಿತಲ್ಲ!

ಹಳೇಬೀಡಿಗೆ ಬಂದು ಹೊಯ್ಸಳೇಶ್ವರ ದೇವಾಲಯ ನೋಡಿದವರಲ್ಲಿ ಎಷ್ಟೋ ಜನ ಅಲ್ಲಿಂದಲೇ ಬಸ್ಸು ಹತ್ತುತ್ತಾರೆ. ಬಸ್ತಿಹಳ್ಳಿ ನಡೆದು ಹೋಗುವಷ್ಟೇ ದೂರ. ಮುಂದಿನ ಸಲ ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಿಬನ್ನಿ.