ಕಿವಿಯಿಂದ ಕಟ್ಟಿದ ಸೆರೆಮನೆ

ಕಣ್ಣಿಂದ ನೋಡದ ಕಟ್ಟಡದ ನಕ್ಷೆ ಬರೆಯಬಹುದೇ? ಮೆಟ್ಟಿಲು ಎತ್ತ ತಿರುಗುತ್ತದೆ, ಓಣಿ ಎಷ್ಟು ಉದ್ದ, ಕೋಣೆ ಎಷ್ಟು ಅಗಲ, ಎಲ್ಲವನ್ನೂ ಬರೀ ಕಿವಿಯ ನೆನಪಿನಿಂದ? ಬರೆದಿದ್ದಾರೆ! ಈ ಸಂಗತಿ ಗೊತ್ತಾದ ದಿನ ನನಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

ಸಿರಿಯಾದ ಡಮಾಸ್ಕಸ್‌ನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಸೈದ್ನಾಯಾ ಸೇನಾ ಸೆರೆಮನೆ. ಉಪಗ್ರಹ ಚಿತ್ರದಲ್ಲಿ ಮೂರು ರೆಕ್ಕೆಗಳ ಕಟ್ಟಡ ಕಾಣುತ್ತದೆ, ಅಷ್ಟೇ. ಅಂತರ್ಯುದ್ಧದ ವರ್ಷಗಳಲ್ಲಿ ಸ್ವತಂತ್ರ ವೀಕ್ಷಕರನ್ನು ಒಳಗೆ ಬಿಟ್ಟವರಿಲ್ಲ. ಒಳಗಿದ್ದವರಾದರೂ ಏನು ಕಂಡಿದ್ದರು? ಕರೆತರುವಾಗ ಕಣ್ಣಿಗೆ ಬಟ್ಟೆ. ಕಾವಲುಗಾರ ಬಂದರೆ ಮಂಡಿಯೂರಿ ಕಣ್ಣು ಮುಚ್ಚಬೇಕು. ಮಾತಾಡುವಂತಿಲ್ಲ. ಉಳಿದದ್ದು ಕಿವಿ ಒಂದೇ.

ಆ ಕಿವಿಯನ್ನೇ ಸಾಕ್ಷಿಕಟ್ಟೆಗೆ ಕರೆದರು! 2016ರಲ್ಲಿ ಮಾನವ ಹಕ್ಕು ಸಂಸ್ಥೆ ಆ್ಯಮ್ನೆಸ್ಟಿ ಇಂಟರ್‌ನ್ಯಾಷನಲ್ ಮತ್ತು ಲಂಡನ್ನಿನ ಫೊರೆನ್ಸಿಕ್ ಆರ್ಕಿಟೆಕ್ಚರ್ ಸಂಶೋಧನಾ ತಂಡದವರು ಬದುಕಿ ಬಂದ ಕೈದಿಗಳ ಜೊತೆ ಇಸ್ತಾಂಬುಲ್‌ನಲ್ಲಿ ಕುಳಿತರು. ಬಾವಿಗೆ ಬಗ್ಗಿ ಕೂಗಿದ ದನಿ, ಸಾಮಾನು ಖಾಲಿಯಾದ ಮನೆಯಲ್ಲಿ ಕೂಗಿದ ದನಿ ಬೇರೆ ಬೇರೆಯಾಗಿ ಕೇಳುತ್ತವಲ್ಲ? ಕಲಾವಿದ ಲಾರೆನ್ಸ್ ಅಬು ಹಮ್ದಾನ್ ಹಿಡಿದದ್ದು ಅದೇ ಎಳೆಯನ್ನು. ಬಗೆಬಗೆಯ ಪ್ರತಿಧ್ವನಿಗಳನ್ನು ಕೇಳಿಸಿ, ‘ಹೀಗಿತ್ತೇ? ಇಲ್ಲ, ಹೀಗೆಯೇ?’ ಎಂದು ಹೊಂದಿಸುತ್ತ ಹೋದರು. ಬೀಗದ ಸದ್ದು, ಬಾಗಿಲ ಸದ್ದು, ಹೆಜ್ಜೆಯ ಸದ್ದು. ಪಕ್ಕದಲ್ಲಿ ವಾಸ್ತುಶಿಲ್ಪಿಗಳು ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸಿದರು, ಬಾಗಿಲು ಕೂರಿಸಿದರು. ಕೋಣೆ ಎದುರಿಗೆ ನಿಂತಂತೆ ಮರೆತದ್ದೂ ನೆನಪಿಗೆ ಬಂತು.

ನನ್ನನ್ನು ಅಲುಗಾಡಿಸಿದ್ದು ಇನ್ನೊಂದು ಅಳತೆ. ಕಾವಲುಗಾರನಿಗೆ ಕೇಳಿಸದೆ ಪಕ್ಕದವನಿಗಷ್ಟೇ ಮುಟ್ಟುವಂತೆ ಎಷ್ಟು ಮೆಲ್ಲಗೆ ಪಿಸುಗುಡುತ್ತಿದ್ದಿರಿ ಎಂದು ಅಬು ಹಮ್ದಾನ್ ಕೇಳಿದರು. 2011ಕ್ಕೆ ಮೊದಲು ಅಲ್ಲಿದ್ದವರ ಪಿಸುಮಾತಿಗೂ ಆಮೇಲೆ ಇದ್ದವರ ಪಿಸುಮಾತಿಗೂ ಅಂತರ 19 ಡೆಸಿಬಲ್! ಕಿವಿಯ ಲೆಕ್ಕದಲ್ಲಿ ದನಿ ಸುಮಾರು ಕಾಲುಭಾಗಕ್ಕೆ ಇಳಿದಿತ್ತು. ಸರ್ಕಾರದ ವಿರುದ್ಧ ಪ್ರಜೆಗಳು ಬೀದಿಗಿಳಿದ ಆ ವರ್ಷದಿಂದ ಆ ಗೋಡೆಗಳೊಳಗೆ ಏನು ಬದಲಾಯಿತು ಎಂಬುದನ್ನು ಯಾವ ಕಡತ ಹೀಗೆ ಹೇಳೀತು? ಭಯಕ್ಕೂ ಅಳತೆಗೋಲು ಇದೆ, ನೋಡಿ. ಅದನ್ನು ಹುಡುಕಿಕೊಟ್ಟದ್ದು ಸರ್ಕಾರವಲ್ಲ, ನ್ಯಾಯಾಲಯವೂ ಅಲ್ಲ. ಕೇಳಲು ಕುಳಿತ ಕೆಲವೇ ಜನ.

2017ರ ಫೆಬ್ರವರಿಯಲ್ಲಿ ಆ್ಯಮ್ನೆಸ್ಟಿಯ ವರದಿ ಬಂತು: 2011ರಿಂದ 2015ರವರೆಗೆ ಅಲ್ಲಿ ಗಲ್ಲಿಗೇರಿಸಿದವರು 5,000ದಿಂದ 13,000 ಮಂದಿ ಎಂಬ ಅಂದಾಜು. ಸಿರಿಯಾ ಸರ್ಕಾರ ಅಲ್ಲಗಳೆಯಿತು. ಅದೇ ವರ್ಷ ಬದುಕುಳಿದವರೇ ಟರ್ಕಿಯಲ್ಲಿ ಸೈದ್ನಾಯಾ ಕೈದಿಗಳ ಮತ್ತು ಕಾಣೆಯಾದವರ ಸಂಘ ಕಟ್ಟಿದರು. ಒಬ್ಬೊಬ್ಬರನ್ನೇ ಮಾತಾಡಿಸಿ ದಾಖಲೆ ಕೂಡಿಸತೊಡಗಿದರು.

2024ರ ಡಿಸೆಂಬರ್ 8. ಸಿರಿಯಾದ ಅಧ್ಯಕ್ಷ ಅಸಾದ್ ದೇಶ ಬಿಟ್ಟು ಓಡಿಹೋದರು, ಸೈದ್ನಾಯಾದ ಬಾಗಿಲು ತೆರೆಯಿತು. ನೆಲದಡಿ ಗುಪ್ತ ಕೋಣೆಗಳಿವೆ ಎಂಬ ಸುದ್ದಿ ಹಬ್ಬಿ ತಾಯಂದಿರು, ಅಣ್ಣತಮ್ಮಂದಿರು ಓಡೋಡಿ ಬಂದರು, ನೆಲ ಅಗೆದರು. ಕೆಳಗೆ ಇನ್ನು ಯಾರೂ ಸಿಕ್ಕಿಕೊಂಡಿಲ್ಲ ಎಂದು ಹೇಳಿದ್ದು ಅದೇ ಸಂಘ. ಆ ಕಟ್ಟಡ ಅವರಿಗೆ ಅಷ್ಟು ಗೊತ್ತಿತ್ತು. ಕಾಲಡಿ ಚೆಲ್ಲಿದ್ದ ಕಡತಗಳನ್ನು ತುಳಿಯಬೇಡಿ, ಒಯ್ಯಬೇಡಿ, ನಾಳೆಯ ವಿಚಾರಣೆಗೆ ಅವು ಬೇಕು ಎಂದು ಮಾನವ ಹಕ್ಕು ಸಂಸ್ಥೆಗಳು ಮೊರೆಯಿಟ್ಟವು.

ಕಾಣೆಯಾದ ಲಕ್ಷಕ್ಕೂ ಹೆಚ್ಚು ಸಿರಿಯನ್ನರ ಗತಿ ಏನಾಯಿತೆಂದು ಅವರ ಮನೆಯವರಿಗೆ ಇನ್ನೂ ತಿಳಿದಿಲ್ಲ.