ಅಭಿಮಾನಿಗಳಿದ್ದರೂ ಉಳಿಯದ ಬೈಕ್ ಕಂಪನಿಗಳು: ಕಾರಣವೇನು?

ತುಮರಿ: ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಳ್ಳುವವರೆಗೆ ಶರಾವತಿ ಹಿನ್ನೀರಿನ ಈ ಭಾಗದ ಬೈಕ್‌ಗಳು ಸಾಗರಕ್ಕೆ ಹೋಗಲು ಲಾಂಚನ್ನೇ ನಂಬಿದ್ದವು. ದೊಡ್ಡ ದುರಸ್ತಿ ಬಂದರೆ ವಾಹನವನ್ನು ಹೊಳೆ ದಾಟಿಸಬೇಕಿತ್ತು. ಇಂತಹ ಊರಿನಲ್ಲಿ ಬೈಕ್ ಕೊಳ್ಳುವವನು ಅಂದಕ್ಕಿಂತ ಮೊದಲು ಕೇಳುವುದು ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಯಾರು ಮಾಡುತ್ತಾರೆ ಎಂಬುದನ್ನು. ಸೀಮಿತ ವರ್ಗದ ಗ್ರಾಹಕರನ್ನೇ ನೆಚ್ಚಿಕೊಂಡ ಸಣ್ಣ ಕಂಪನಿಗಳು ಸೋಲುವುದು ಬಹುಪಾಲು ಈ ಪ್ರಶ್ನೆಯ ಮುಂದೆಯೇ. ಇದಕ್ಕೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ.

ಮೈಸೂರಿನ ಪಾಠ

ಮೈಸೂರಿನ ಯಾದವಗಿರಿಯಲ್ಲಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. ಅಂದಿನ ರಾಜ್ಯಪಾಲ ಜಯಚಾಮರಾಜ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದ್ದರು. ಜೆಕೊಸ್ಲೊವಾಕಿಯಾದ ತಂತ್ರಜ್ಞಾನದಿಂದ ಸಿದ್ಧವಾದ 250 ಸಿ.ಸಿ. ಜಾವಾ, ನಂತರ 1970ರ ದಶಕದಲ್ಲಿ ಬಂದ ಯೆಜ್ಡಿ ಬೈಕ್‌ಗಳು ರಾಜ್ಯದ ಮೂಲೆ ಮೂಲೆಗಳನ್ನು ತಲುಪಿದವು. ಲೈಸೆನ್ಸ್ ನೀತಿಯ ಆ ಕಾಲದಲ್ಲಿ ಪೈಪೋಟಿ ಕಡಿಮೆಯಿತ್ತು. ಗ್ರಾಹಕನೇ ಬೈಕ್‌ಗಾಗಿ ಕಾಯಬೇಕಿತ್ತು.

1980ರ ದಶಕದ ಮಧ್ಯಭಾಗದಲ್ಲಿ ಚಿತ್ರಣ ಬದಲಾಯಿತು. ಸರ್ಕಾರ ಜಪಾನ್ ಕಂಪನಿಗಳ ಸಹಭಾಗಿತ್ವಕ್ಕೆ ಅವಕಾಶ ನೀಡಿದ ಮೇಲೆ ಸುಜುಕಿ, ಯಮಾಹಾ, ಕವಾಸಾಕಿ ತಂತ್ರಜ್ಞಾನದ 100 ಸಿ.ಸಿ. ಬೈಕ್‌ಗಳು ಬಂದವು. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100 ನಾಲ್ಕು ಸ್ಟ್ರೋಕ್ ಎಂಜಿನ್‌ನ ಮೈಲೇಜನ್ನೇ ಮುಂದಿಟ್ಟುಕೊಂಡು ಗ್ರಾಹಕರನ್ನು ಸೆಳೆಯಿತು. ಎರಡು ಸ್ಟ್ರೋಕ್ ಯೆಜ್ಡಿಗೆ ಬಲವಿತ್ತು, ಮೈಲೇಜ್ ಇರಲಿಲ್ಲ. 1990ರ ದಶಕದಲ್ಲಿ ಹೊಗೆ ನಿಯಂತ್ರಣ ನಿಯಮಗಳೂ ಬಿಗಿಯಾಗತೊಡಗಿದವು. ಹೊಸ ಎಂಜಿನ್ ಅನಿವಾರ್ಯವಾದ ಕಾಲದಲ್ಲಿ ಕಂಪನಿಯ ಆದಾಯ ಕುಗ್ಗಿತ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಾರ್ಮಿಕರು ಕೆಲಸ ಕಳೆದುಕೊಂಡರು. ಬೈಕ್ ಮಾಲೀಕರು ಹಳೆಯ ಬಿಡಿಭಾಗಗಳಿಗಾಗಿ ಗುಜರಿ ಅಂಗಡಿಗಳನ್ನು ಹುಡುಕಬೇಕಾಯಿತು.

ಲೆಕ್ಕಾಚಾರ ಸರಳ

ಸಣ್ಣ ಕಂಪನಿಯ ಮೂಲ ಸಮಸ್ಯೆ ಸ್ಥಿರ ವೆಚ್ಚ. ಎಂಜಿನ್ ವಿನ್ಯಾಸ, ಅಚ್ಚುಗಳು, ಪ್ರಮಾಣಪತ್ರಕ್ಕೆ ಬೇಕಾದ ಪರೀಕ್ಷೆ ಇವುಗಳ ಖರ್ಚು ಸಾವಿರ ಬೈಕ್ ತಯಾರಿಸಿದರೂ ಹೆಚ್ಚುಕಡಿಮೆ ಅಷ್ಟೇ, ಲಕ್ಷ ತಯಾರಿಸಿದರೂ ಅಷ್ಟೇ. ಉದಾಹರಣೆಗೆ, ಹೊಸ ಮಾದರಿಗೆ 100 ಕೋಟಿ ರೂ. ತಗುಲಿತೆಂದುಕೊಳ್ಳೋಣ. 10 ಲಕ್ಷ ಬೈಕ್ ಮಾರುವ ಕಂಪನಿಗೆ ತಲಾ ಒಂದು ಸಾವಿರ ರೂ. ಹೊರೆ ಬಿದ್ದರೆ, 10 ಸಾವಿರ ಮಾತ್ರ ಮಾರುವ ಕಂಪನಿಗೆ ತಲಾ ಒಂದು ಲಕ್ಷ ರೂ. ಬೀಳುತ್ತದೆ.

ನಿಯಮಗಳು ಬದಲಾದಂತೆಲ್ಲ ಈ ವೆಚ್ಚ ಮರುಕಳಿಸುತ್ತದೆ. ದೇಶದಾದ್ಯಂತ 2017ರ ಏಪ್ರಿಲ್‌ನಲ್ಲಿ ಬಿಎಸ್-4 ಹಾಗೂ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಗೆ ಬಂದವು. ಇವೆರಡರ ನಡುವೆ, 2019ರಲ್ಲಿ, 125 ಸಿ.ಸಿ.ಗಿಂತ ದೊಡ್ಡ ಬೈಕ್‌ಗಳಿಗೆ ಎಬಿಎಸ್ ಬ್ರೇಕ್ ವ್ಯವಸ್ಥೆ ಕಡ್ಡಾಯವಾಯಿತು.

ಬಿಡಿಭಾಗ ಪೂರೈಸುವವರೂ ದೊಡ್ಡ ಆರ್ಡರ್‌ಗೆ ಕಡಿಮೆ ದರ ನೀಡುತ್ತಾರೆ. ಡೀಲರ್‌ಗಳದೂ ಇದೇ ಕತೆ. ತಿಂಗಳಿಗೆ ನಾಲ್ಕೈದು ಬೈಕ್ ಮಾತ್ರ ಮಾರಾಟವಾದರೆ ಅಂಗಡಿ ಬಾಡಿಗೆ, ಮೆಕ್ಯಾನಿಕ್ ಸಂಬಳ ಹುಟ್ಟುವುದಿಲ್ಲ. ಡೀಲರ್ ಇಲ್ಲದ ಊರಿನಲ್ಲಿ ಗ್ರಾಹಕನಿಲ್ಲ, ಗ್ರಾಹಕನಿಲ್ಲದ ಊರಿಗೆ ಡೀಲರ್ ಬರುವುದಿಲ್ಲ. ಅಭಿಮಾನವೂ ಕಂಪನಿಯ ಲೆಕ್ಕಕ್ಕೆ ಬರುವುದು ಹೊಸ ಬೈಕ್ ಮಾರಾಟವಾದಾಗ ಮಾತ್ರ. ಹಳೆಯ ಯೆಜ್ಡಿಯನ್ನು ಜೋಪಾನವಾಗಿಟ್ಟುಕೊಂಡವನು ನಿಷ್ಠಾವಂತನೇ, ಆದರೆ ಹೊಸ ಗ್ರಾಹಕನಲ್ಲ.

ಉಳಿದವರು ಹೇಗೆ ಉಳಿದರು?

2000ದ ಸುಮಾರಿಗೆ ರಾಯಲ್ ಎನ್‌ಫೀಲ್ಡ್ ಕೂಡ ಮುಚ್ಚುವ ಅಂಚಿನಲ್ಲಿತ್ತು. ಟ್ರಾಕ್ಟರ್, ಲಾರಿಗಳಿಂದ ಆದಾಯವಿದ್ದ ಐಷರ್ ಸಂಸ್ಥೆ ಅದರ ಒಡೆತನ ಹೊಂದಿದ್ದರಿಂದ ಸುಧಾರಣೆಗೆ ಕಾಲಾವಕಾಶ ದೊರೆಯಿತು. ಮಾದರಿಗಳ ದೋಷ ಸರಿಪಡಿಸಿದ ಕಂಪನಿಯ ಮಾರಾಟ 2024-25ರಲ್ಲಿ 10 ಲಕ್ಷ ದಾಟಿತು. ಐಡಿಯಲ್ ಜಾವಾಕ್ಕೆ ಇಂತಹ ಆಸರೆ ಸಿಗಲಿಲ್ಲ.

ಆಸರೆಯಿದ್ದರೂ ಉಳಿವಿನ ಖಾತ್ರಿಯಿಲ್ಲ. ಅಮೆರಿಕದ ಬ್ಯೂಯೆಲ್ ಬೈಕ್‌ಗಳನ್ನು ಒಡೆಯನಾದ ಹಾರ್ಲೆ-ಡೇವಿಡ್‌ಸನ್ ಕಂಪನಿಯೇ 2009ರಲ್ಲಿ ನಿಲ್ಲಿಸಿತು. 2020ರ ಜನವರಿಯಲ್ಲಿ ದಿವಾಳಿಯಂಚಿಗೆ ಬಂದ ಬ್ರಿಟನ್ನಿನ ನಾರ್ಟನ್ ಕಂಪನಿಯನ್ನು ಅದೇ ಏಪ್ರಿಲ್‌ನಲ್ಲಿ ಟಿವಿಎಸ್ 1.6 ಕೋಟಿ ಪೌಂಡ್‌ಗೆ ಖರೀದಿಸಿತು.

ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮರಳಿ ಬಂದವು. ಆದರೆ ಮಹೀಂದ್ರಾ ಸಮೂಹದ ಬಂಡವಾಳವಿರುವ ಕ್ಲಾಸಿಕ್ ಲೆಜೆಂಡ್ಸ್ ಅವುಗಳನ್ನು ತಯಾರಿಸುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಹಿಂದಿರುಗಿತು, ಮೈಸೂರಿಗೆ ಉದ್ಯೋಗ ಹಿಂದಿರುಗಲಿಲ್ಲ. 2022ರಲ್ಲಿಯೇ ವಿದ್ಯುತ್ ಬೈಕ್ ಬಿಡುಗಡೆ ಮಾಡಿದ ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿಯಲ್ಲಿಯೂ ಟಿವಿಎಸ್ ಹೂಡಿಕೆಯಿದೆ.

ಕೊಳ್ಳುವ ಮುನ್ನ

ಅಪರೂಪದ ಬೈಕ್ ಮೇಲೆ ಮನಸ್ಸಿಟ್ಟವರು ಸಮೀಪದ ಸರ್ವಿಸ್ ಕೇಂದ್ರ ಎಷ್ಟು ದೂರ, ಕ್ಲಚ್ ಪ್ಲೇಟ್‌ನಂತಹ ಸವೆಯುವ ಭಾಗಗಳು ಎಷ್ಟು ದಿನದಲ್ಲಿ ಸಿಗುತ್ತವೆ, ಕಂಪನಿಯ ಬೆನ್ನಿಗೆ ಯಾರಿದ್ದಾರೆ ಎಂಬ ಮೂರು ಸಂಗತಿಗಳನ್ನು ವಿಚಾರಿಸುವುದು ಒಳಿತು. ಸೇತುವೆ ಬಂದ ಮೇಲೆ ತುಮರಿಯಿಂದ ಸಾಗರಕ್ಕೆ ಲಾಂಚ್ ಕಾಯಬೇಕಿಲ್ಲ. ಆದರೆ ತಯಾರಕನೇ ಬಾಗಿಲು ಹಾಕಿದರೆ ಬಿಡಿಭಾಗ ಸಾಗರದಲ್ಲಿಯೂ ಸಿಗದು, ಬೆಂಗಳೂರಿನಲ್ಲಿಯೂ ಸಿಗುವುದು ಕಷ್ಟ.